ಖಾಲಿ ಬಿಟ್ಟ ಒಂದು ಸೊನ್ನೆ

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಇಬ್ಬರು ಮುಖ್ಯ ಅಭ್ಯರ್ಥಿಗಳ ಮೇಲೂ ನಂಬಿಕೆ ಇಲ್ಲದ ಮತದಾರರು ಏನು ಮಾಡುತ್ತಾರೆ? ಅಲ್ಲೂ ನಮ್ಮ ಹಾಗೆ ನೋಟಾ ಇದೆಯಾ? ಅಲ್ಲಿರುವ ಕನ್ನಡಿಗರು ಯಾರಾದರೂ ಸ್ವಂತ ಅನುಭವ ಹೇಳಿ.

ಉತ್ತರ:

ನಾನು ಮಂಡ್ಯ ಕಡೆಯವಳು. ಹತ್ತಿರಹತ್ತಿರ 25 ವರ್ಷದಿಂದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಓಕ್‌ಲ್ಯಾಂಡ್ ಕೌಂಟಿಯಲ್ಲಿ ಇದ್ದೇನೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. 2015ರಲ್ಲಿ ಇಲ್ಲಿನ ಪೌರತ್ವ ಸಿಕ್ಕಿತು. 2016ರ ನವೆಂಬರ್ 8ರಂದು ಮೊದಲ ಬಾರಿ ಅಧ್ಯಕ್ಷ ಚುನಾವಣೆಯ ಮತಪತ್ರ ಕೈಗೆ ಬಂತು. ಅವತ್ತು ಅಧ್ಯಕ್ಷರ ಸಾಲೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಓಟು ಹಾಕಿ ಮನೆಗೆ ಬಂದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೇ ಕೇಳಿದ ಹಾಗಿದೆ.

ನೋಟಾದ ಮಾತು ಮೊದಲು ಮುಗಿಸುತ್ತೇನೆ. ಇಡೀ ದೇಶದಲ್ಲಿ ನೆವಾಡ ಒಂದೇ ರಾಜ್ಯದ ಮತಪತ್ರದಲ್ಲಿ ‘ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ’ ಅನ್ನುವ ಸಾಲು ಇದೆ, 1970ರ ದಶಕದಿಂದಲೂ. 2016ರಲ್ಲಿ ಅಲ್ಲಿ 28,863 ಜನ ಅದನ್ನು ಆರಿಸಿದರು. ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಆ ರಾಜ್ಯವನ್ನು ಗೆದ್ದದ್ದು 27,202 ಓಟುಗಳಿಂದ. ಅಂದರೆ ‘ಯಾರೂ ಬೇಡ’ ಅಂದವರ ಸಂಖ್ಯೆ ಗೆಲುವಿನ ಅಂತರಕ್ಕಿಂತ ದೊಡ್ಡದು. ಆದರೂ ಗೆದ್ದವರು ಗೆದ್ದರು. ಭಾರತದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಡಿಸಿದ ನೋಟಾವೂ ಹಾಗೇ ತಾನೆ, ಎಣಿಸುತ್ತಾರೆ, ಫಲಿತಾಂಶಕ್ಕೆ ಅದು ತಾಗುವುದಿಲ್ಲ. ಮಿಕ್ಕ ರಾಜ್ಯಗಳಲ್ಲಿ ಅಷ್ಟೂ ಇಲ್ಲ. ಮೂರನೆಯ ಪಕ್ಷಕ್ಕೆ ಹಾಕಬಹುದು, ಖಾಲಿ ಗೆರೆಯ ಮೇಲೆ ಬೇರೆ ಹೆಸರು ಬರೆಯಬಹುದು, ಸಾಲನ್ನು ಖಾಲಿ ಬಿಡಬಹುದು, ಇಲ್ಲ ಮನೆಯಲ್ಲೇ ಕೂರಬಹುದು.

ನಾನು ಯಾಕೆ ಖಾಲಿ ಬಿಟ್ಟೆ ಅಂತ ತಿಳಿಯಬೇಕಾದರೆ ಆ ವರ್ಷ ಸ್ವಲ್ಪ ಗೊತ್ತಿರಬೇಕು. ಹಿಲರಿ ಕ್ಲಿಂಟನ್ ವಿದೇಶಾಂಗ ಸಚಿವೆಯಾಗಿದ್ದಾಗ ಸರ್ಕಾರಿ ಕೆಲಸದ ಇಮೇಲ್‌ಗೆ ಸ್ವಂತ ಸರ್ವರ್ ಬಳಸಿದ್ದರು. ಜುಲೈ 5ರಂದು ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಅದನ್ನು ವಿಪರೀತ ಅಜಾಗರೂಕತೆ ಅಂದರು, ಆದರೆ ಮೊಕದ್ದಮೆ ಹೂಡುವಂಥದ್ದಲ್ಲ ಅಂದರು. ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಮಾಡಿದ ಮೂರು ಭಾಷಣಕ್ಕೆ ಅವರು ಪಡೆದದ್ದು 6,75,000 ಡಾಲರ್. ಅಲ್ಲಿ ಏನು ಮಾತಾಡಿದಿರಿ, ಬರಹ ತೋರಿಸಿ ಅಂದರೆ ಕೊಡಲಿಲ್ಲ. ಜುಲೈ 22ಕ್ಕೆ ಡೆಮಾಕ್ರಟಿಕ್ ಪಕ್ಷದ ಕಚೇರಿಯ ಇಮೇಲ್‌ಗಳನ್ನು ವಿಕಿಲೀಕ್ಸ್ ಹೊರಗೆ ಹಾಕಿತು. ಪಕ್ಷದ ಅಭ್ಯರ್ಥಿಯಾಗಲು ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಬಗ್ಗೆ ಪಕ್ಷದ ಒಳಗೇ ಎಂಥ ಮಾತು ನಡೆದಿತ್ತು ಅಂತ ಗೊತ್ತಾಗಿ ಪಕ್ಷದ ಅಧ್ಯಕ್ಷೆ ರಾಜೀನಾಮೆ ಕೊಡಬೇಕಾಯಿತು. ಆ ಕಡೆ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ತೆರಿಗೆ ದಾಖಲೆ ತೋರಿಸಲಿಲ್ಲ. ಅವರ ಹೆಸರಿನ ‘ವಿಶ್ವವಿದ್ಯಾಲಯ’ಕ್ಕೆ ದುಡ್ಡು ಕಟ್ಟಿ ಮೋಸಹೋದೆವು ಅಂತ ಜನ ಕೋರ್ಟಿಗೆ ಹೋಗಿದ್ದರು. ಅಕ್ಟೋಬರ್ 7ಕ್ಕೆ ಆ ಹಳೆಯ ಟೇಪು ಬಂತು. ಹೆಂಗಸರ ಬಗ್ಗೆ ಅವರಾಡಿದ ಮಾತನ್ನು ನಾನು ಮನೆಯಲ್ಲಿ ಮಗಳ ಎದುರು ಟಿವಿಯಲ್ಲಿ ಕೇಳಿದೆ. ಅವಳಿಗಾಗ 12 ವರ್ಷ. ರಿಮೋಟ್ ಹುಡುಕುವಷ್ಟರಲ್ಲಿ ಅವಳು ಕೇಳಿಸಿಕೊಂಡಾಗಿತ್ತು.

ಇದು ನನ್ನೊಬ್ಬಳ ಸಂಕಟ ಅಲ್ಲ. ಓಟು ಹಾಕಿ ಹೊರಬಂದವರನ್ನು ಕೇಳಿ ಮಾಡಿದ ಮತಗಟ್ಟೆ ಸಮೀಕ್ಷೆಯಲ್ಲಿ, ಕ್ಲಿಂಟನ್ ಪ್ರಾಮಾಣಿಕರು, ನಂಬಬಹುದು ಅಂದವರು ನೂರಕ್ಕೆ 36. ಟ್ರಂಪ್ ಬಗ್ಗೆ ಹಾಗೆ ಅಂದವರು ನೂರಕ್ಕೆ 33. ಇಬ್ಬರನ್ನೂ ಇಷ್ಟಪಡದವರು ನೂರಕ್ಕೆ 18. ಕೊನೆಯ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನಮ್ಮ ಮನೆಯ ಕಥೆ ಇನ್ನೊಂದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಲ್ಲ, ನಮ್ಮ ಯಜಮಾನರಿಗೆ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅವರು ಗ್ರೀನ್ ಕಾರ್ಡ್‌ನಲ್ಲೇ ಇದ್ದರು. ತೆರಿಗೆ ಕಟ್ಟುತ್ತಾರೆ, ಮಗಳ ಶಾಲೆಯ ಸಭೆಗೆ ಹೋಗುತ್ತಾರೆ, ಓಟು ಮಾತ್ರ ಇಲ್ಲ. ಮನೆಗೆ ಒಂದೇ ಓಟು, ಅದು ನನ್ನದು. ಅಕ್ಟೋಬರ್ 28ರ ಶುಕ್ರವಾರ ಕೋಮಿ ಇಮೇಲ್ ವಿಷಯವನ್ನು ಮತ್ತೆ ತೆಗೆದು ಸಂಸತ್ತಿಗೆ ಪತ್ರ ಬರೆದರು. ಅದೇ ಭಾನುವಾರ ದೀಪಾವಳಿ. ಮನೆ ತುಂಬ ಸ್ನೇಹಿತರು, ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತು. ಅಡುಗೆಮನೆಯಲ್ಲಿ ನಿಂತವರೆಲ್ಲ ಒಂದೇ ಮಾತು: ಅತ್ತ ದರಿ, ಇತ್ತ ಪುಲಿ. ಒಬ್ಬರು ಹೋಗಲಿ ಬಿಡಿ ಅಂತ ವಿಷಯ ಬದಲಾಯಿಸಿದರು. ನಮ್ಮ ಯಜಮಾನರು ಸಾರಿನ ಸೌಟು ಹಿಡಿದುಕೊಂಡೇ, ‘ನಿಮಗೆಲ್ಲ ಬಿಡೋಕಾದರೂ ಒಂದು ಓಟಿದೆ’ ಅಂದರು. ಆ ಮಾತು ಅವತ್ತು ನನಗೆ ತಟ್ಟಬೇಕಿತ್ತು, ತಟ್ಟಲಿಲ್ಲ.

ಮತದಾನದ ದಿನ ಕೆಲಸಕ್ಕೆ ಹೋಗುವ ಮುಂಚೆ ಹೋದೆ. ಇಲ್ಲಿ ಆ ದಿನಕ್ಕೆ ರಜೆ ಇಲ್ಲ. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳವೇ ಮತಗಟ್ಟೆ. ಮೇಲೆ ಬಾಸ್ಕೆಟ್, ಕೆಳಗೆ ಸಾಲಾಗಿ ಮಡಚುವ ಮೇಜು, ಮೂರು ಕಡೆ ರಟ್ಟಿನ ಮರೆ. ಗುರುತಿನ ಚೀಟಿ ತೋರಿಸಿದ ಮೇಲೆ ಒಂದು ಉದ್ದನೆಯ ದಪ್ಪ ಹಾಳೆ ಕೊಟ್ಟರು. ಹೆಸರಿನ ಪಕ್ಕ ಪುಟ್ಟ ಸೊನ್ನೆ, ಅದನ್ನು ಪೆನ್ನಿನಲ್ಲಿ ತುಂಬಬೇಕು, ನಮ್ಮ ಸಿಇಟಿಯ ಓಎಂಆರ್ ಹಾಳೆಯ ಹಾಗೇ. ಅಧ್ಯಕ್ಷರ ಹುದ್ದೆ ಒಂದೇ ಇರುತ್ತದೆ ಅಂದುಕೊಳ್ಳಬೇಡಿ. ಹಾಳೆಯ ಎರಡೂ ಮಗ್ಗುಲು ತುಂಬಿರುತ್ತದೆ: ಸಂಸತ್ತು, ರಾಜ್ಯ ಶಾಸನಸಭೆ, ನ್ಯಾಯಾಧೀಶರು, ಕೌಂಟಿ ಹುದ್ದೆಗಳು, ಮಿಷಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ವಿಶ್ವವಿದ್ಯಾಲಯದ ಮಂಡಳಿಯನ್ನು ಇಡೀ ರಾಜ್ಯದ ಜನ ಓಟು ಹಾಕಿ ಆರಿಸುತ್ತಾರೆ ಅನ್ನುವುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ. ಆ ಸಲ ನಮ್ಮ ನಾಲ್ಕು ಕೌಂಟಿಗಳಿಗೆ ಒಂದೇ ಬಸ್ಸು-ರೈಲು ವ್ಯವಸ್ಥೆ ಬೇಕೇ, ಅದಕ್ಕೆ ಆಸ್ತಿ ತೆರಿಗೆ ಸ್ವಲ್ಪ ಏರಿಸಬಹುದೇ ಅನ್ನುವ ಪ್ರಶ್ನೆಯೂ ಇತ್ತು. ಕಾರಿಲ್ಲದವರು ಈ ಊರಲ್ಲಿ ಎಷ್ಟು ಪಾಡು ಪಡುತ್ತಾರೆ ಅಂತ ನೋಡಿದ್ದೇನೆ. ಅದಕ್ಕೆ ‘ಹೌದು’ ಅಂತ ಒತ್ತಿ ತುಂಬಿದೆ. ಅದೂ ಕೂದಲೆಳೆಯಲ್ಲಿ ಬಿದ್ದುಹೋಯಿತು.

ಎಲ್ಲ ತುಂಬಿ ಮತ್ತೆ ಮೇಲಿನ ಸಾಲಿಗೆ ಬಂದೆ. ಕ್ಲಿಂಟನ್, ಟ್ರಂಪ್, ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್, ಗ್ರೀನ್ ಪಕ್ಷದ ಜಿಲ್ ಸ್ಟೈನ್, ಇನ್ನೂ ಒಂದಿಬ್ಬರು. ಪೆನ್ನಿನ ತುದಿ ಒಂದು ಸೊನ್ನೆಯ ಮೇಲೆ ಇಟ್ಟೆ, ತೆಗೆದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಹಾಗೇ ಬಿಟ್ಟು ಎದ್ದೆ. ಯಂತ್ರದ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಹಾಳೆಯ ತುದಿಯಲ್ಲಿದ್ದ ನಂಬರಿನ ಚೂರನ್ನು ಹರಿದುಕೊಂಡರು. ಹಾಳೆ ಯಂತ್ರದೊಳಗೆ ಹೋಯಿತು, ಎಣಿಕೆಯ ಅಂಕಿ ಒಂದು ಏರಿತು, ‘ನಾನು ಓಟು ಹಾಕಿದೆ’ ಅನ್ನುವ ಸ್ಟಿಕ್ಕರ್ ಕೊಟ್ಟರು. ಅದನ್ನು ಅಂಟಿಸಿಕೊಂಡು ಆಫೀಸಿಗೆ ಹೋದೆ. ಯಾರಿಗೂ ಓಟು ಹಾಕದಿರುವುದೇ ನಾನು ಹೇಳುವ ಮಾತು, ಅದು ಕೇಳಬೇಕಾದವರಿಗೆ ಕೇಳುತ್ತದೆ ಅಂತ ಮನಸಾರೆ ನಂಬಿದ್ದೆ.

ಮಿಷಿಗನ್‌ನ ಫಲಿತಾಂಶ ಅಧಿಕೃತವಾಗಿ ಹೊರಬಿದ್ದದ್ದು ನವೆಂಬರ್ 28ಕ್ಕೆ. ಸುಮಾರು 48 ಲಕ್ಷ ಓಟುಗಳಲ್ಲಿ ಟ್ರಂಪ್ ಮುಂದಿದ್ದದ್ದು 10,704ರಿಂದ. ಅಧ್ಯಕ್ಷರ ಸಾಲನ್ನು ಖಾಲಿ ಬಿಟ್ಟ ಹಾಳೆಗಳು 75,000ಕ್ಕೂ ಹೆಚ್ಚು. ಇಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿದ ಎಲೆಕ್ಟೋರಲ್ ಓಟುಗಳು, ಗೆಲ್ಲಲು 270 ಬೇಕು. ಪೆನ್ಸಿಲ್ವೇನಿಯ, ವಿಸ್ಕಾನ್ಸಿನ್ ಕೂಡ ಹೀಗೇ ಸಣ್ಣ ಅಂತರದಲ್ಲಿ ಟ್ರಂಪ್ ಕಡೆಗೆ ಹೋದದ್ದರಿಂದ, ಮಿಷಿಗನ್‌ನ 16 ಎಲೆಕ್ಟೋರಲ್ ಓಟು ಮಾತ್ರ ಆಚೀಚೆ ಆಗಿದ್ದರೂ ಅವರು 270 ದಾಟುತ್ತಿದ್ದರು. ಇದನ್ನು ನನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಇರುವುದು ಹಾಗೆ. ದೇಶದಾದ್ಯಂತ ಕ್ಲಿಂಟನ್‌ಗೆ ಸುಮಾರು 29 ಲಕ್ಷ ಓಟು ಹೆಚ್ಚು ಬಂದಿದ್ದರೂ ಸೋತರು.

ನನಗೆ ಚುಚ್ಚಿದ್ದು ಆಮೇಲೆ ನಡೆದದ್ದು. ಆ 75,000 ಖಾಲಿ ಸೊನ್ನೆಗಳ ಬಗ್ಗೆ ಟಿವಿಯಲ್ಲಿ, ಪತ್ರಿಕೆಯಲ್ಲಿ ಚರ್ಚೆ. ಇವರೆಲ್ಲ ಸ್ಯಾಂಡರ್ಸ್ ಬೆಂಬಲಿಗರ ಮುನಿಸು ಅಂದರು ಒಬ್ಬರು. ಟ್ರಂಪ್ ಮಾತಿಗೆ ಬೇಸತ್ತ ರಿಪಬ್ಲಿಕನ್ನರು ಅಂದರು ಇನ್ನೊಬ್ಬರು. ಜನಕ್ಕೆ ಹಾಳೆ ತುಂಬಲು ಬರಲಿಲ್ಲ ಅಂದವರೂ ಇದ್ದರು. ನಾನು ಸೋಫಾದ ಮೇಲೆ ಕೂತು ಕೇಳುತ್ತಿದ್ದೆ. ಅದರಲ್ಲಿ ಒಂದು ನನ್ನದು. ಆ ಯಾವ ಗುಂಪಿಗೂ ನಾನು ಸೇರಿದವಳಲ್ಲ. ಟೇಪು, ಇಮೇಲು, ಭಾಷಣದ ದುಡ್ಡು, 12 ವರ್ಷದ ಮಗಳು, ಎಲ್ಲ ಸೇರಿ ಬಿಟ್ಟ ಸೊನ್ನೆ ಅದು. ಆದರೆ ಯಂತ್ರಕ್ಕೆ ಕಾರಣ ಗೊತ್ತಿಲ್ಲ. ಸೊನ್ನೆಯಲ್ಲಿ ಏನೂ ಬರೆದಿರಲಿಲ್ಲ, ಅವರವರಿಗೆ ಬೇಕಾದ್ದನ್ನು ಅವರವರು ಓದಿಕೊಂಡರು. ಸಿಟ್ಟಿನಿಂದ ಬಿಟ್ಟದ್ದೂ ಮರೆತು ಬಿಟ್ಟದ್ದೂ ಅಲ್ಲಿ ಒಂದೇ.

ಊರಿಗೆ ಫೋನು ಮಾಡಿದಾಗ ಅಮ್ಮನಿಗೆ ಹೇಳಿದೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ‘ಅಷ್ಟೊತ್ತು ಕ್ಯೂ ನಿಂತ್ಕಂಡು ಯಾರ್ಗೂ ಒತ್ತದೆ ಬಂದ್ಯಾ ಮಗ?’ ಅಂದರು. ‘ಇಬ್ಬರೂ ಸರಿಯಿಲ್ಲ ಕಣಮ್ಮ’ ಅಂದೆ. ‘ನಮ್ಮೂರಲ್ಲಿ ಸರಿಯಾಗಿರೋರು ಯಾವತ್ತು ನಿಂತವ್ರೆ? ನಾಳೆ ಕೂಗಿದ್ರೆ ಓ ಅನ್ನೋರು ಯಾರು ಅಂತ ನೋಡಿ ಒತ್ತೋದು’ ಅಂದರು. ನಂಬಿಕೆ ಅಂದರೆ ನಾನು ಚಾರಿತ್ರ್ಯ ಅಂದುಕೊಂಡಿದ್ದೆ. ಅಮ್ಮನ ಲೆಕ್ಕದಲ್ಲಿ ಅದು ಬಾಗಿಲು ತಟ್ಟಿದರೆ ತೆಗೆಯುವವರು ಯಾರು ಅನ್ನುವುದು.

ಆ ಮಾತಿನಿಂದಲೇ ನನಗೆ ನಮ್ಮ ಕಾರ್ಖಾನೆಯ ಒಬ್ಬರು ಅರ್ಥವಾದರು. ಅವರು ಡೈ, ಅಂದರೆ ಬಿಡಿಭಾಗ ಒತ್ತುವ ಅಚ್ಚು, ರಿಪೇರಿ ಮಾಡುವವರು, ಮೂವತ್ತು ವರ್ಷದ ಸರ್ವಿಸು. ಮನೆ ಪಕ್ಕದ ಮಕೋಂಬ್ ಕೌಂಟಿಯಲ್ಲಿ. 2008ರಲ್ಲೂ 2012ರಲ್ಲೂ ಒಬಾಮಾಗೆ ಹಾಕಿದವರು 2016ರಲ್ಲಿ ಟ್ರಂಪ್‌ಗೆ ಹಾಕಿದರು. ಅವರ ಕೌಂಟಿಯೂ ಹಾಗೇ ತಿರುಗಿತು, ಸುಮಾರು 48,000 ಓಟಿನ ಅಂತರದಲ್ಲಿ. ‘ಆ ಮನುಷ್ಯನ ಮೇಲೆ ನಂಬಿಕೆ ಇದೆಯಾ?’ ಅಂತ ಕೇಳಿದೆ. ‘ಒಂದು ಚೂರೂ ಇಲ್ಲ’ ಅಂದರು. ಹಾಗಾದರೆ ಯಾಕೆ ಅಂದಾಗ ಅವರು ಕೊಟ್ಟ ಕಾರಣ ಇಷ್ಟು: ಅಮೆರಿಕ, ಕೆನಡಾ, ಮೆಕ್ಸಿಕೋ ನಡುವೆ 1994ರಲ್ಲಿ ಜಾರಿಗೆ ಬಂದ ನಾಫ್ಟಾ ವ್ಯಾಪಾರ ಒಪ್ಪಂದದ ನಂತರ ಅವರು ಕೆಲಸ ಮಾಡಿದ ಎರಡು ಶಾಪುಗಳು ಮುಚ್ಚಿದವು. ಒಂದರ ಪ್ರೆಸ್ಸು ಬಿಚ್ಚಿ ಮೆಕ್ಸಿಕೋಗೆ ಲಾರಿಗೆ ಹೇರುವಾಗ ಬೋಲ್ಟು ಬಿಚ್ಚಿದವರೇ ಇವರು. ಆ ಒಪ್ಪಂದವನ್ನು ಜಾರಿಗೆ ತಂದ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ಬಿಲ್ ಕ್ಲಿಂಟನ್ ಮನೆಯವರೇ ಮತ್ತೆ ಬಂದು ಓಟು ಕೇಳುತ್ತಿದ್ದಾರೆ ಅನ್ನುವುದು ಅವರ ತಲೆಯಿಂದ ಹೋಗಲಿಲ್ಲ. ಮತದಾನದ ದಿನ ನಡುರಾತ್ರಿ ದಾಟಿದ ಮೇಲೆ ಟ್ರಂಪ್ ತಮ್ಮ ಕೊನೆಯ ಸಭೆ ಮಾಡಿದ್ದು ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ. ಕ್ಲಿಂಟನ್ ಪಕ್ಷದ ಅಧಿವೇಶನ ಮುಗಿದ ಮೇಲೆ ಪಕ್ಕದ ವಿಸ್ಕಾನ್ಸಿನ್‌ಗೆ ಒಮ್ಮೆಯೂ ಕಾಲಿಡಲಿಲ್ಲ. ‘ಸುಳ್ಳೇ ಇರಲಿ, ನಮ್ಮ ಹತ್ತಿರ ಬಂದು ಹೇಳಿದ’ ಅಂದರು ಅವರು. ಆಗಲೇ ಹೇಳಿದ ನೂರಕ್ಕೆ 18 ಜನ ಇದ್ದಾರಲ್ಲ, ಇಬ್ಬರನ್ನೂ ಇಷ್ಟಪಡದವರು, ಅವರಲ್ಲಿ ಟ್ರಂಪ್‌ಗೆ ಹಾಕಿದವರು ನೂರಕ್ಕೆ 47, ಕ್ಲಿಂಟನ್‌ಗೆ ನೂರಕ್ಕೆ 30. ಇಬ್ಬರೂ ಬೇಡ ಅನ್ನಿಸಿದಾಗ ಹೆಚ್ಚು ಜನ, ಇರುವ ವ್ಯವಸ್ಥೆಯನ್ನೇ ಕೆಡವುತ್ತೇನೆ ಅಂದವರ ಕಡೆಗೆ ವಾಲಿದರು. ಡೈ ಶಾಪಿನ ಅವರ ತೀರ್ಮಾನ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಆದರೆ ಅದು ಅಜ್ಞಾನ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಅದೇ ಶಾಪಿನಲ್ಲಿ ಫ್ಲಿಂಟ್ ಊರಿನ ಹೆಂಗಸೊಬ್ಬರಿದ್ದರು. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಲು ಆ ಊರಿನ ಕುಡಿಯುವ ನೀರನ್ನು ಫ್ಲಿಂಟ್ ನದಿಗೆ ಬದಲಾಯಿಸಿದ್ದರು. ಹಳೆಯ ಪೈಪುಗಳಿಂದ ಸೀಸ ಬಿಟ್ಟುಕೊಂಡು ನೀರಿಗೆ ಸೇರಿತು. ನೀರು ಸರಿಯಿದೆ ಅಂತ ಅಧಿಕಾರಿಗಳು ತಿಂಗಳುಗಟ್ಟಲೆ ಹೇಳಿದರು. ಇವರ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ನೀರಿನ ಬಾಟಲಿಯ ಕೇಸುಗಳು, ಮೊಮ್ಮಗುವಿನ ಸ್ನಾನಕ್ಕೂ ಅದೇ. 2016ರ ಮಾರ್ಚ್‌ನಲ್ಲಿ ಕ್ಲಿಂಟನ್ ಮತ್ತು ಸ್ಯಾಂಡರ್ಸ್ ಚರ್ಚೆ ಮಾಡಿದ್ದು ಅವರ ಊರಲ್ಲೇ. ನವೆಂಬರ್‌ನಲ್ಲಿ ಅವರು ಓಟು ಹಾಕಲು ಹೋಗಲಿಲ್ಲ. ಕಾರಣ ಕೇಳಲು ನನಗೆ ಬಾಯಿ ಬರಲಿಲ್ಲ.

ಇಬ್ಬರೇ ಯಾಕೆ ಕಡೆಗೆ ಉಳಿಯುತ್ತಾರೆ ಅಂತಲೂ ನಿಮಗೆ ಅನ್ನಿಸಿರಬಹುದು. 48 ರಾಜ್ಯಗಳಲ್ಲಿ ಒಂದು ಓಟು ಹೆಚ್ಚು ಬಂದವರಿಗೆ ಆ ರಾಜ್ಯದ ಎಲೆಕ್ಟೋರಲ್ ಓಟು ಅಷ್ಟೂ ಹೋಗುತ್ತದೆ. ಟಿವಿ ಚರ್ಚೆಗೆ ಬರಬೇಕಾದರೆ ಸಮೀಕ್ಷೆಗಳಲ್ಲಿ ನೂರಕ್ಕೆ 15 ಬೇಕಿತ್ತು, ಅದನ್ನು ಮೂರನೆಯವರು ಯಾರೂ ಮುಟ್ಟಲಿಲ್ಲ. ಇದಕ್ಕಿಂತ ಮುಖ್ಯ, ಪಕ್ಷದ ಒಳಗಿನ ಆಯ್ಕೆ, ಅಂದರೆ ಪ್ರೈಮರಿ. 2016ರಲ್ಲಿ ಎರಡೂ ಪಕ್ಷದ ಪ್ರೈಮರಿಗಳಿಗೆ ಬಂದವರು ಒಟ್ಟು ಸುಮಾರು 5.76 ಕೋಟಿ, ಅರ್ಹ ಮತದಾರರಲ್ಲಿ ನೂರಕ್ಕೆ 28.5 ಅಷ್ಟೆ. ಮಿಷಿಗನ್ ಪ್ರೈಮರಿ ಮಾರ್ಚ್ 8ರ ಮಂಗಳವಾರ ಇತ್ತು. ಕ್ಲಿಂಟನ್ ಇಪ್ಪತ್ತು ಪಾಯಿಂಟ್ ಮುಂದಿದ್ದಾರೆ ಅಂತ ಸಮೀಕ್ಷೆಗಳು ಹೇಳಿದ್ದವು, ಗೆದ್ದವರು ಸ್ಯಾಂಡರ್ಸ್. ಅಂದರೆ ಜನ ಹೋದ ಕಡೆ ಲೆಕ್ಕ ಬದಲಾಗುತ್ತಿತ್ತು. ನಾನು ಅವತ್ತು ಹೋಗಿರಲಿಲ್ಲ. ಆಡಿಟ್ ಇತ್ತು, ತಡವಾಯಿತು, ನವೆಂಬರ್‌ನಲ್ಲಿ ಹಾಕಿದರಾಯಿತು ಅಂದುಕೊಂಡೆ. ಊಟಕ್ಕೆ ಏನು ಮಾಡಬೇಕು ಅಂತ ಕೇಳುವಾಗ ಇರಲಿಲ್ಲ, ಬಡಿಸುವಾಗ ಬಂದು ಎರಡೂ ಬೇಡ ಅಂದೆ. ನಿಮಗೆ ಒಂದೇ ಒಂದು ವಿಷಯ ಹೇಳು ಅಂದರೆ ನಾನು ಹೇಳುವುದು ಇದನ್ನೇ: ಇಲ್ಲಿ ಅಪನಂಬಿಕೆಗೆ ಬೆಲೆ ಇರುವುದು ಮಾರ್ಚ್‌ನಲ್ಲಿ, ನವೆಂಬರ್‌ನಲ್ಲಿ ಅಲ್ಲ.

ನಮ್ಮ ರಾಜ್ಯದ ಪ್ರೈಮರಿ ಹಾಳೆಯಲ್ಲಿ ‘ಅನ್‌ಕಮಿಟೆಡ್’ ಅಂತ ಒಂದು ಸಾಲು ಇರುತ್ತದೆ, ಯಾರಿಗೂ ಕಟ್ಟುಬಿದ್ದಿಲ್ಲ ಅಂತ ಅರ್ಥ. 2024ರ ಫೆಬ್ರವರಿ 27ರಂದು ಗಾಜಾ ಯುದ್ಧದ ವಿಚಾರದಲ್ಲಿ ಆಗಿನ ಅಧ್ಯಕ್ಷ ಬೈಡನ್ ಮೇಲೆ ಸಿಟ್ಟಾದ, ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್ ಊರಿನ ಮತ್ತು ಸುತ್ತಲಿನ ಜನ ಮನೆಮನೆಗೆ ಹೋಗಿ ಅದನ್ನು ತುಂಬಿ ಅಂತ ಕೇಳಿಕೊಂಡರು. ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದರು. ಮಾರನೆಯ ದಿನ ಅದು ಯಾರ ಸಿಟ್ಟು, ಯಾಕೆ ಅಂತ ಯಾರೂ ಊಹಿಸಬೇಕಾಗಲಿಲ್ಲ. ಮುಂಚೆಯೇ ಬಾಯಿಬಿಟ್ಟು ಹೇಳಿದ್ದರು, ಆಮೇಲೆ ತುಂಬಿದ್ದರು. ಅವರಿಗೆ ಪಕ್ಷದ ಅಧಿವೇಶನದಲ್ಲಿ ಇಬ್ಬರು ಪ್ರತಿನಿಧಿಗಳೂ ಸಿಕ್ಕರು. ಕೇಳಿದ್ದು ಸಿಕ್ಕಿತು ಅಂತ ಹೇಳುತ್ತಿಲ್ಲ. ನನ್ನ ಸೊನ್ನೆಗೂ ಅವರ ಸೊನ್ನೆಗೂ ಇರುವ ವ್ಯತ್ಯಾಸ ಹೇಳುತ್ತಿದ್ದೇನೆ.

ನಾನು ಆಮೇಲೆ ಏನು ಮಾಡಿದೆ ಅಂತಲೂ ಹೇಳಿಬಿಡುತ್ತೇನೆ. ಚುನಾವಣೆಯಾದ ಎರಡೇ ದಿನಕ್ಕೆ, ಕೇಟಿ ಫೇಹಿ ಅನ್ನುವ ಮಿಷಿಗನ್‌ನ ಯುವತಿ ಫೇಸ್‌ಬುಕ್‌ನಲ್ಲಿ ಒಂದು ಮಾತು ಹಾಕಿದ್ದರು: ಕ್ಷೇತ್ರಗಳ ಗಡಿಯನ್ನು ರಾಜಕಾರಣಿಗಳು ತಮಗೆ ಬೇಕಾದ ಹಾಗೆ ಎಳೆದುಕೊಳ್ಳುವುದನ್ನು ನಿಲ್ಲಿಸಬೇಕು, ಯಾರು ಜೊತೆಗೆ ಬರುತ್ತೀರಿ? ಅದರಿಂದ ‘ವೋಟರ್ಸ್ ನಾಟ್ ಪಾಲಿಟಿಷಿಯನ್ಸ್’ ಅನ್ನುವ ಸಂಘಟನೆ ಹುಟ್ಟಿತು. ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ಜನರ ಮುಂದಿಡಲು ಸಹಿ ಬೇಕಿತ್ತು. ಸ್ವಯಂಸೇವಕರೇ ನಾಲ್ಕು ಲಕ್ಷಕ್ಕೂ ಮೀರಿ ಸಹಿ ತಂದರು. 2018ರ ನವೆಂಬರ್‌ನಲ್ಲಿ ನೂರಕ್ಕೆ 61 ಜನ ಒಪ್ಪಿದರು. ಈಗ ಗಡಿ ಎಳೆಯುವುದು 13 ಜನ ಸಾಮಾನ್ಯ ನಾಗರಿಕರ ಆಯೋಗ.

2017ರ ಶರತ್ಕಾಲದಲ್ಲಿ ಕೆಲವು ಶನಿವಾರ ನಾನೂ ರಟ್ಟಿನ ಕ್ಲಿಪ್‌ಬೋರ್ಡ್ ಹಿಡಿದು ಲೈಬ್ರರಿಯ ಮುಂದೆ ನಿಂತೆ. ಅಪರಿಚಿತರನ್ನು ಕರೆದು ಮಾತಾಡಿಸುವುದು ನನ್ನ ಸ್ವಭಾವಕ್ಕೆ ದೂರ. ಚಳಿಗೆ ಪೆನ್ನಿನ ಇಂಕು ಹಿಡಿಯುತ್ತಿತ್ತು, ಕೋಟಿನ ಒಳಜೇಬಲ್ಲಿ ಎರಡು ಪೆನ್ನು ಬೆಚ್ಚಗೆ ಇಟ್ಟುಕೊಂಡಿರುತ್ತಿದ್ದೆ. ನಮ್ಮ ಯಜಮಾನರು ಫ್ಲಾಸ್ಕಿನಲ್ಲಿ ಕಾಫಿ ತಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಸಹಿ ಹಾಕಲು ಅವರಿಗೆ ಹಕ್ಕಿಲ್ಲ, ಆದರೆ ಬಂದವರಿಗೆ ವಿಷಯ ವಿವರಿಸುವುದರಲ್ಲಿ ನನಗಿಂತ ಅವರೇ ವಾಸಿ. ಒಂದು ದಿನ ಆ ಹಾಳೆಗಳನ್ನು ಕೆಲಸಕ್ಕೂ ತೆಗೆದುಕೊಂಡು ಹೋಗಿ, ಊಟದ ಹೊತ್ತಿನಲ್ಲಿ ಪಾರ್ಕಿಂಗ್ ಲಾಟಿನಲ್ಲಿ ಡೈ ಶಾಪಿನ ಅವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಮೊದಲಿಂದ ಕೊನೆಯವರೆಗೂ ಓದಿದರು. ‘ಇದನ್ನು ಯಾವ ಪಕ್ಷದವರು ಮಾಡಿಸ್ತಿದ್ದಾರೆ?’ ಅಂದರು. ಯಾರೂ ಅಲ್ಲ, ನಾನೇ ಚಳಿಯಲ್ಲಿ ನಿಂತು ಮಾಡಿಸುತ್ತಿದ್ದೇನೆ ಅಂದೆ. ಪೆನ್ನಿಗೆ ಕೈ ಚಾಚಿದರು. ನನ್ನ ಕೈಯಲ್ಲಿದ್ದದ್ದು ಓಕ್‌ಲ್ಯಾಂಡ್ ಕೌಂಟಿಯ ಹಾಳೆ, ಆಗ ಪ್ರತಿ ಕೌಂಟಿಗೂ ಬೇರೆ ಹಾಳೆ ಇರುತ್ತಿತ್ತು. ಸ್ವಲ್ಪ ಇರಿ ಅಂತ ಹೇಳಿ ಕಾರಿನಿಂದ ಮಕೋಂಬ್‌ನದು ಹುಡುಕಿ ತಂದೆ. ಆ ಹಾಳೆಯಲ್ಲಿ ಮೊದಲ ಸಹಿ ಅವರದೇ.